ಒರೆಸಿ ಹಾಕಿದ ಚುಕ್ಕಿ

ಸುರಪುರದ ರಂಗಂಪೇಟೆಯಲ್ಲಿ ಯಾಕೂಬಸಾಬ ಬರೆದ ಬೋರ್ಡು ಯಾವುದು ಎಂದು ಗುರುತಿಸಲು ಅಕ್ಷರ ನೋಡಬೇಕಾಗಿಲ್ಲ. ಬೋರ್ಡಿನ ನಡುವೆ ಒಂದು ದಾರ ಹಿಡಿದರೆ ಸಾಕು. ಎಡಕ್ಕೆ ನವಿಲಿದ್ದರೆ ಬಲಕ್ಕೂ ಅದೇ ನವಿಲು, ಅದೇ ಕೊಕ್ಕು, ಅದೇ ಹನ್ನೊಂದು ಗರಿ. ಒಮ್ಮೆ ಚಹಾ ಅಂಗಡಿಯವನೊಬ್ಬ ಬೋರ್ಡಿಗೆ ಒಂದೇ ಚಹಾ ಕಪ್ಪಿನ ಚಿತ್ರ ಬರೆ ಅಂದಿದ್ದ. ಒಂಟಿ ಕಪ್ಪಿದ್ದರೆ ಬೋರ್ಡು ವಾಲಿದ ಹಾಗೆ ಕಾಣುತ್ತದೆ ಎಂದು ಯಾಕೂಬಸಾಬ ಅವನ ಜೊತೆ ಅರ್ಧ ಗಂಟೆ ವಾದ ಮಾಡಿ, ಕೊನೆಗೆ ಎರಡನೆಯದನ್ನು ಪುಕ್ಕಟೆ ಬರೆದುಕೊಟ್ಟು ಬಂದ.

ಈ ಚಟ ಅಂಟಿಸಿದವನು ವೆಂಕಪ್ಪ ಮಾಸ್ತರ. ದೇವರ ಪಟ, ಮದುವೆ ಮನೆಯ ಗೋಡೆ, ದರ್ಗಾದ ಕಮಾನು, ಎಲ್ಲಕ್ಕೂ ಕೈ ಹಾಕುತ್ತಿದ್ದ ಹಳೆಯ ಚಿತ್ರಗಾರ ಅವನು. ಶಾಲೆ ಬಿಟ್ಟು ಅಲೆಯುತ್ತಿದ್ದ ಯಾಕೂಬನನ್ನು ಹಿಡಿದು ಕೂರಿಸಿ ಖಾಕಾ ಕಲಿಸಿದ. ಖಾಕಾ ದೊಡ್ಡ ವಿದ್ಯೆಯೇನಲ್ಲ. ಅಗಲವಾದ ಕಾಗದವನ್ನು ನಡುವೆ ಮಡಚಬೇಕು, ಒಂದು ಮಗ್ಗುಲಿಗೆ ಅರ್ಧ ಚಿತ್ರ ಬರೆಯಬೇಕು, ಗೆರೆಯುದ್ದಕ್ಕೂ ಎರಡು ಪದರ ದಾಟುವಂತೆ ಸೂಜಿಯಿಂದ ಒತ್ತೊತ್ತಾಗಿ ಚುಚ್ಚಬೇಕು. ಆಮೇಲೆ ಬಿಚ್ಚಿ ಗೋಡೆಗೆ ಹಚ್ಚಿ, ಇದ್ದಿಲ ಪುಡಿ ಕಟ್ಟಿದ ಬಟ್ಟೆಯ ಗಂಟನ್ನು ಮೇಲೆ ತಟ್ಟಿದರೆ, ತೂತುಗಳಿಂದ ಪುಡಿ ಇಳಿದು ಇಡೀ ಚಿತ್ರ ಚುಕ್ಕಿ ಚುಕ್ಕಿಯಾಗಿ ಮೂಡುತ್ತದೆ. ಅರ್ಧ ಬರೆದವನಿಗೆ ಪೂರ್ತಿ ಸಿಗುತ್ತದೆ. ಹುಡುಗ ಯಾಕೂಬನಿಗೆ ಇದು ಜಾದೂವಿನಂತೆ ಕಂಡಿತು, ಐವತ್ತೆಂಟು ದಾಟಿದರೂ ಆ ಬೆರಗು ಹೋಗಿರಲಿಲ್ಲ.

ಚುಚ್ಚುವ ಕೆಲಸ ಮಾತ್ರ ಮೂವತ್ತೊಂದು ವರ್ಷಗಳಿಂದ ಹೆಂಡತಿ ಹಬೀಬಾಳದು. ಮದುವೆಯಾದ ಮೂರನೇ ತಿಂಗಳಿಗೆ ಸೂಜಿ ಹಿಡಿದವಳು ಇನ್ನೂ ಕೆಳಗಿಟ್ಟಿಲ್ಲ. ಗಂಡನ ಖಾಕಾ ಮುಗಿದ ಮೇಲೆ ಓಣಿಯ ಹೆಂಗಸರದು ಇರುತ್ತಿತ್ತು. ರವಿಕೆಗೆ ಕಸೂತಿ ಹಾಕುವ ಮೊದಲು ಬಟ್ಟೆಯ ಮೇಲೆ ಬಳ್ಳಿ ಹೂವು ಮೂಡಿಸಲು ಇದೇ ತೂತಿನ ಕಾಗದ ಬೇಕು. ಮದುಮಗಳ ರವಿಕೆ ಅಂದರೆ ಹಬೀಬಾಳ ಖಾಕಾನೇ ಆಗಬೇಕು. ಹಬೀಬಾ ಚುಚ್ಚಿದರೆ ಒಂದು ತೂತೂ ತಪ್ಪುವುದಿಲ್ಲ ಎನ್ನುವುದು ರಂಗಂಪೇಟೆಯಲ್ಲಿ ಯಾರೂ ತಕರಾರು ತೆಗೆಯದ ಮಾತಾಗಿತ್ತು. ಮನೆ ಬಾಗಿಲ ಮೇಲಿನ ಬೋರ್ಡಿನಲ್ಲಿ ಮಾತ್ರ ‘ಯಾಕೂಬ್ ಆರ್ಟ್ಸ್’ ಎಂದಷ್ಟೇ ಇದೆ. ಎಡಕ್ಕೊಂದು ಬ್ರಷ್ಷು, ಬಲಕ್ಕೊಂದು ಬ್ರಷ್ಷು.

ಫ್ಲೆಕ್ಸ್ ಬಂದು ಬೋರ್ಡು ಬರೆಸುವವರು ಇಲ್ಲವಾದಾಗ ಅವನ ಕೈ ಹಿಡಿದದ್ದು ಸರ್ಕಾರಿ ಶಾಲೆಗಳ ಗೋಡೆಗಳು. ಕಪ್ಪೆಯ ಜೀವನಚಕ್ರ, ರಾಜ್ಯದ ನಕಾಶೆ, ಮನುಷ್ಯನ ಹೃದಯ. ಹೃದಯವನ್ನೂ ಒಂದು ಶಾಲೆಯಲ್ಲಿ ಮಡಿಕೆಯ ಖಾಕಾದಲ್ಲೇ ಎಡಬಲ ಒಂದೇ ಮಾಡಿ ಬರೆದಿದ್ದ, ಯಾರೂ ಕೇಳಲಿಲ್ಲ. ಕೇಳಿದ್ದರೆ ಮುಂದಿನದು ತಪ್ಪುತ್ತಿತ್ತೋ ಏನೋ.

ಈ ವರ್ಷ ಫೆಬ್ರವರಿಯಲ್ಲಿ ದೇವಾಪುರದ ಕಡೆಯ ಒಂದು ಪ್ರೌಢಶಾಲೆಯಿಂದ ಕರೆ ಬಂತು. ಕರೆದವರು ವಿಜ್ಞಾನದ ಟೀಚರು ದುರ್ಗಾ ಮೇಡಂ. ವಿಜ್ಞಾನ ದಿನಕ್ಕೆ ಅಂಗಳದ ಗೋಡೆಯ ಮೇಲೆ ಸಾಯುತ್ತಿರುವ ನಕ್ಷತ್ರಗಳ ಚಿತ್ರ ಆಗಬೇಕಿತ್ತು. ನಾಲ್ಕು ಬಣ್ಣದ ಪ್ರಿಂಟುಗಳನ್ನು ಬೆಂಚಿನ ಮೇಲೆ ಹರಡಿ ಅವರು ವಿವರಿಸಿದರು. ನಮ್ಮ ಸೂರ್ಯನಂಥ ನಕ್ಷತ್ರಕ್ಕೆ ವಯಸ್ಸಾದಾಗ ಅದು ಉಬ್ಬುತ್ತದೆ, ತನ್ನ ಮೈಯ ಪದರಗಳನ್ನು ಸುತ್ತಲಿನ ಆಕಾಶಕ್ಕೆ ಚೆಲ್ಲುತ್ತದೆ. ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಭೂಮಿಯಷ್ಟೇ ದಪ್ಪದ, ಭಯಂಕರ ಬಿಸಿಯ ತಿರುಳು. ಕಣ್ಣಿಗೆ ಕಾಣದ ಅದರ ಕಿರಣ ತಾಗಿ ಚೆಲ್ಲಿದ ಅನಿಲವೆಲ್ಲ ಹಸಿರು, ಕೆಂಪು ಹೊಳೆಯುತ್ತದೆ. ಅದೇ ನೀಹಾರಿಕೆ. ಕೆಲವು ಸಾವಿರ ವರ್ಷ ಹೊಳೆದು ಚದುರಿಹೋಗುತ್ತದೆ.

ನಕ್ಷತ್ರ ದುಂಡಗಿದ್ದ ಮೇಲೆ ಚೆಲ್ಲಿದ್ದೂ ದುಂಡಗೇ ಇರಬೇಕಲ್ಲ, ಒಂದು ಪಾತರಗಿತ್ತಿಯ ಹಾಗೆ, ಒಂದು ಮರಳು ಗಡಿಯಾರದ ಹಾಗೆ ಯಾಕಿದೆ ಎಂದು ಯಾಕೂಬಸಾಬ ಕೇಳಿದ. ಪ್ರಶ್ನೆ ಕೇಳಿ ದುರ್ಗಾ ಮೇಡಂಗೆ ಖುಷಿಯಾಯಿತು.

“ಒಬ್ಬಾಕಿ ನಿಂತು ಅಂಗಳಕ್ಕ ನೀರು ಹೊಡದ್ರ ಸುತ್ತ ದುಂಡಗ ಬೀಳ್ತದ ಸಾಬ್ರ. ಆಕಿ ಕೈ ಹಿಡದು ಇನ್ನೊಬ್ಬಾಕಿ ಜಗ್ಗಿದ್ರ? ಹಂಗ, ಭಾಳ ನಕ್ಷತ್ರಕ್ಕ ಮಗ್ಗಲಾಗ ಒಂದು ಜೋಡಿ ಇರ್ತದ. ಈ ಚಂದಚಂದ ಆಕಾರ ಎಲ್ಲಾ ಆ ಜಗ್ಗಾಟದಾಗ ಆಗ್ತಾವ. ನೀವು ಇದ್ದಂಗ ಬರೀರಿ, ಸಾಕು.”

ಯಾಕೂಬಸಾಬ ತಲೆಯಾಡಿಸಿದ. ಪೇಂಟರು ತಲೆಯಾಡಿಸುವಾಗ ಕಿವಿಯಲ್ಲಿ ಅರ್ಧ ಮಾತು, ಮನಸ್ಸಿನಲ್ಲಿ ಕಪ್ಪು ಬಣ್ಣ ಎಷ್ಟು ಡಬ್ಬಿ ಬೇಕು ಎಂಬ ಲೆಕ್ಕ ಇರುತ್ತದೆ. ದುರ್ಗಾ ಮೇಡಂ ಮರುದಿನದಿಂದ ತರಬೇತಿಗೆಂದು ಯಾದಗಿರಿಗೆ ಹೋದರು.

ಮನೆಯಲ್ಲಿ ಮೊದಲ ಮೂರು ಚಿತ್ರ ಸಲೀಸಾಗಿ ಮಡಿಕೆಗೆ ಕೂತವು. ನಾಲ್ಕನೆಯದು ಕೂರಲಿಲ್ಲ. ಅದೊಂದು ಉಂಗುರ, ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಹರಿದ ಹಾಗಿತ್ತು. ನಡುವೆ ಒಂದು ದೊಡ್ಡ ಬಿಳಿ ಚುಕ್ಕಿ, ಅದಕ್ಕೆ ಒತ್ತಿಕೊಂಡಂತೆ ಸಾಸಿವೆಗಿಂತ ಸಣ್ಣ ಇನ್ನೊಂದು. ಶಾಲೆಯ ಪ್ರಿಂಟರು ಕಾಗದ ಎಳೆಯುವಾಗ ಜಾರಿದೆ, ಮಸಿ ಸಿಡಿದಿದೆ ಎಂದು ಅವನು ತಾನೇ ತೀರ್ಮಾನಿಸಿದ. ಚೆನ್ನಾಗಿದ್ದ ಅರ್ಧವನ್ನಷ್ಟೇ ಮಡಿಕೆಗೆ ಬರೆದು, ನಡುವೆ ಒಂದು ಚುಕ್ಕಿ ಇಟ್ಟು ಹಬೀಬಾಳ ಮುಂದೆ ಹಾಕಿದ.

ಅವಳು ಪ್ರಿಂಟನ್ನೂ ಖಾಕಾವನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿದಳು. “ದೋ ಹೈ ಜೀ, ಏಕ್ ನೈ,” ಎಂದಳು. ಎರಡಿವೆ, ಒಂದಲ್ಲ. ಅದು ಮಶೀನಿನ ಕೊಳೆ, ಬರೆಯುವವನು ನಾನು, ನೀನು ಚುಚ್ಚುವುದು ನೋಡು ಎಂದು ಅವನು ಸಿಡುಕಿದ. ಹಬೀಬಾ ಸೂಜಿ ಎತ್ತಿಕೊಂಡಳು. ಚುಚ್ಚಿ ಮುಗಿಸಿದ ಮೇಲೆ ಮಡಿಕೆ ಬಿಚ್ಚಿ, ಒಂದೇ ಪದರಕ್ಕೆ, ದೊಡ್ಡ ಚುಕ್ಕಿಯ ಮಗ್ಗುಲಲ್ಲಿ ಇನ್ನೊಂದು ತೂತು ಹಾಕಿ ಸುತ್ತಿಟ್ಟಳು.

ಶಾಲೆಯ ಗೋಡೆಗೆ ಖಾಕಾ ಹಚ್ಚಿ ಪುಡಿ ತಟ್ಟಿ ಕಾಗದ ತೆಗೆದಾಗ ಆ ಸಣ್ಣ ಕರಿ ಚುಕ್ಕಿ ಗೋಡೆಯ ಮೇಲೆ ಕೂತಿತ್ತು. ಯಾರ ಸೂಜಿ ಎಂದು ಅವನಿಗೆ ತಿಳಿಯಿತು. ತಲೆ ಕೆಟ್ಟಿದೆ ಇವಳದು ಎಂದುಕೊಂಡು ಹೆಗಲ ಮೇಲಿನ ಟವೆಲ್ಲಿನ ತುದಿಯಿಂದ ಒರೆಸಿದ. ಬಣ್ಣ ತುಂಬಿದ ಮೇಲೆ ಉಂಗುರ ಹೊಸ ಬಳೆಯ ಹಾಗೆ ದುಂಡಗೆ ಬಂದಿತ್ತು. ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ, ಯಂತ್ರ ಕೆಡಿಸಿದ್ದನ್ನು ತನ್ನ ಕೈ ಸರಿ ಮಾಡಿತು ಎಂದು ಹಿಗ್ಗಿದ.

ವಿಜ್ಞಾನ ದಿನದಂದು ಗೋಡೆಗೆ ಪರದೆ ಕಟ್ಟಿದ್ದರು. ಯಾಕೂಬಸಾಬ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ದುರ್ಗಾ ಮೇಡಂ ಅವತ್ತೇ ಬೆಳಿಗ್ಗೆ ಯಾದಗಿರಿಯಿಂದ ಬಂದಿಳಿದಿದ್ದರು, ಪರದೆಯೊಳಗೆ ಇಣುಕಲೂ ಪುರುಸೊತ್ತಾಗಿರಲಿಲ್ಲ. ಅತಿಥಿಯಾಗಿ ಬಂದ ನಿವೃತ್ತ ಉಪನ್ಯಾಸಕರು ಪರದೆ ಸರಿಸಿ, ಭೇಷ್ ಎಂದು, ಕೊನೆಯ ಚಿತ್ರದ ಮುಂದೆ ನಿಂತು, ಈ ಮೋಡವನ್ನೆಲ್ಲ ಚೆಲ್ಲಿದ ನಕ್ಷತ್ರ ಯಾವುದು ಎಂದು ಮಕ್ಕಳನ್ನು ಕೇಳಿದರು.

ಒಂಬತ್ತನೆಯ ತರಗತಿಯ ದೇವಿಕಾ ಕೈ ಎತ್ತಿದಳು. ಮೇಡಂ ಕಲಿಸಿದ್ದು ಅವಳಿಗೆ ಬಾಯಿಪಾಠವಲ್ಲ, ಅರ್ಥವಾಗಿತ್ತು. “ದೊಡ್ಡದಲ್ರಿ ಸರ್. ಅದು ಬರೀ ಜೋಡಿ. ಅದರ ಮಗ್ಗಲಾಗ ಮಬ್ಬಗ ಸಣ್ಣದೊಂದು ಅದ ನೋಡ್ರಿ, ಅದೇ ಸಾಯಾಕತ್ತಿದ್ದು. ಇದೆಲ್ಲಾ ಅದರದೇ.”

ತೋರಿಸವ್ವ ಎಂದರು ಅತಿಥಿಗಳು. ದೇವಿಕಾ ಗೋಡೆಯ ಹತ್ತಿರ ಹೋದಳು. ಅವಳ ಬೆರಳು ದೊಡ್ಡ ಚುಕ್ಕಿಯ ಬಲಕ್ಕೆ ಹೋಯಿತು, ಎಡಕ್ಕೆ ಹೋಯಿತು, ಮತ್ತೆ ಬಲಕ್ಕೆ ಬಂತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ನಗು ಇಡೀ ಅಂಗಳಕ್ಕೆ ಹರಡಿತು. ಪಾಠ ಖರೆಯೋ ಗೋಡೆ ಖರೆಯೋ ಎಂದು ಅತಿಥಿಗಳು ದುರ್ಗಾ ಮೇಡಂ ಕಡೆ ತಿರುಗಿ ಕೇಳಿದರು. ಅವರು ಗೋಡೆಗೆ ಹತ್ತಿರ ಹೋಗಿ ನೋಡಿ ಮುಖ ಬಿಳಿಚಿಕೊಂಡು, ಸಣ್ಣ ನಕ್ಷತ್ರ ಬಿಟ್ಟುಹೋಗಿದೆ, ಉಂಗುರವೂ ಹೀಗಲ್ಲ ಎಂದರು. ಹೆಡ್‌ಮಾಸ್ಟರ್ ವಿಶ್ವಾರಾಧ್ಯ ಸರ್ ಯಾಕೂಬಸಾಬನ ಕಡೆ ನೋಡಿದರು. ಅವರ ಜೊತೆ ಮುನ್ನೂರು ಕಣ್ಣುಗಳು ತಿರುಗಿದವು.

ನಾನೇ ಒರೆಸಿದೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನಲವತ್ತೈದು ವರ್ಷ ಬ್ರಷ್ಷು ಹಿಡಿದ ಮನುಷ್ಯನಿಗೆ ಮಕ್ಕಳೆದುರು ಅಷ್ಟು ಸಣ್ಣ ಮಾತು ಗಂಟಲಿನಿಂದ ಮೇಲೆ ಬರಲಿಲ್ಲ. ಬೇರೆಯದೇ ಬಂತು.

“ಖಾಕಾ ಮನ್ಯಾಗ ಹೆಂಗಸರು ಚುಚ್ಚತಾರ್ರಿ ಸರ್. ಆಕಿಗಿ ಈಗೀಗ ಕಣ್ಣು ಸರಿ ಕಾಣಂಗಿಲ್ಲ. ಬಿಟ್ಟುಬಿಟ್ಟಾಳ.”

ಹೇಳಿದ್ದು ಅಷ್ಟೇ. ಹೆಡ್‌ಮಾಸ್ಟರು ಹೌದಾ ಎಂದು ತಲೆಯಾಡಿಸಿದರು, ಅತಿಥಿಗಳು ಪಾಪ ಎಂದರು, ಕಾರ್ಯಕ್ರಮ ಮುಂದುವರಿಯಿತು. ಬಸ್ಸಿನಲ್ಲಿ ಸುರಪುರಕ್ಕೆ ವಾಪಸ್ಸಾಗುವಾಗ ಯಾಕೂಬಸಾಬ ಕಿಟಕಿಯಿಂದ ಹೊರಗೆ ನೋಡುತ್ತಾ ತನಗೆ ತಾನೇ ಸಮಾಧಾನ ಹೇಳಿಕೊಂಡ. ದೇವಾಪುರದ ಮಾತು ರಂಗಂಪೇಟೆಗೆ ಯಾಕೆ ಬರುತ್ತದೆ? ಹಬೀಬಾಳಿಗೆ ತಿಳಿಯುವುದಾದರೂ ಹೇಗೆ?

ತಿಳಿದದ್ದು ದುರ್ಗಾ ಮೇಡಂ ಒಳ್ಳೆಯವರಾಗಿದ್ದರಿಂದ. ಮುಂದಿನ ಭಾನುವಾರ ಅವರು ಮನೆ ಹುಡುಕಿಕೊಂಡು ಬಂದರು. ಯಾದಗಿರಿಯಲ್ಲಿ ಕಣ್ಣಿನ ಶಿಬಿರ ನಡೆಯುವ ದಿನ, ಜಾಗ ಎಲ್ಲವನ್ನೂ ಚೀಟಿಯಲ್ಲಿ ಬರೆದು ತಂದಿದ್ದರು. ಪಕ್ಕದ ಮನೆಯ ಚಮನಬೀ ತನ್ನ ತಂಗಿಯ ಮಗಳು ಮೆಹನಾಜಳ ಮದುವೆ ರವಿಕೆಯ ಅಳತೆ ಹಿಡಿದು ಅಲ್ಲೇ ಕೂತಿದ್ದಳು. ದುರ್ಗಾ ಮೇಡಂ ಹಬೀಬಾಳ ಕೈ ಹಿಡಿದು, ಚುಕ್ಕಿ ಬಿಟ್ಟಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ, ಕಣ್ಣು ಮಂದವಾದಾಗ ಯಾರಿಗಾದರೂ ಆಗುತ್ತದೆ ಎಂದರು.

ಯಾಕೂಬಸಾಬ ಒಳಗೆ ಬಣ್ಣದ ಡಬ್ಬಿ ಮುಚ್ಚುತ್ತಿದ್ದವನು ಹಾಗೇ ನಿಂತ. ಹಬೀಬಾ ಅವನನ್ನು ಒಮ್ಮೆ ನೋಡಿದಳು. ಅವನು ಡಬ್ಬಿಯ ಮುಚ್ಚಳ ನೋಡಿದ.

“ಹೌದ್ರಿ ಮೇಡಂ,” ಅಂದಳು ಹಬೀಬಾ. “ಕಣ್ಣು ಮಂದ ಆಗ್ಯಾವ. ಬಿಟ್ಟೋತು.”

ಆಮೇಲೆ ಎದ್ದು ಎಲ್ಲರಿಗೂ ಚಹಾ ಮಾಡಿದಳು. ಚಮನಬೀ ಚಹಾ ಕುಡಿದು, ರವಿಕೆಯ ಬಟ್ಟೆಯನ್ನು ಚೀಲಕ್ಕೆ ಹಾಕಿಕೊಂಡು, ಅವಸರವಿಲ್ಲ ಬಿಡು, ಮೊದಲು ಕಣ್ಣು ತೋರಿಸಿಕೋ ಎಂದು ಎದ್ದುಹೋದಳು. ಗುರುವಾರದ ಹೊತ್ತಿಗೆ ಇನ್ನೂ ಮೂವರು ತಮ್ಮ ತಮ್ಮ ಬಟ್ಟೆ ವಾಪಸ್ಸು ಒಯ್ದರು. ಮೆಹನಾಜಳ ರವಿಕೆ ಶಹಾಪುರದ ಮಶೀನ್ ಕಸೂತಿಯವನಿಗೆ ಹೋಯಿತೆಂದು ಸುದ್ದಿ ಬಂತು. ಮದುಮಗಳ ರವಿಕೆಗೆ ಹಬೀಬಾಳ ಖಾಕಾ ಇಲ್ಲದ ಮದುವೆ ಆ ಓಣಿಯಲ್ಲಿ ಇದೇ ಮೊದಲು.

ಅವಳು ಜಗಳ ತೆಗೆದಿದ್ದರೆ ಯಾಕೂಬಸಾಬ ಬದುಕಿಕೊಳ್ಳುತ್ತಿದ್ದ. ತೆಗೆಯಲಿಲ್ಲ. ಹೊತ್ತಿಗೆ ಸರಿಯಾಗಿ ರೊಟ್ಟಿ ಹಾಕಿದಳು, ಅಂಗಿ ಒಗೆದಳು. ರೊಟ್ಟಿ ಮುರಿಯುವಾಗ ಅವನಿಗೆ ಕೈ ಭಾರವಾಗುತ್ತಿತ್ತು. ಒಂದು ಸಂಜೆ ತಡೆಯಲಾರದೆ, ಮೇಡಂ ಮುಂದೆ ಯಾಕೆ ಹಾಗೆ ಹೇಳಿದೆ ಎಂದು ಕೇಳಿಯೇಬಿಟ್ಟ. ಹಬೀಬಾ ಬಾಗಿಲ ಮಬ್ಬು ಬೆಳಕಿನಲ್ಲಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ಮನೆಯ ದಖನಿಯಲ್ಲಿ ಅವಳು ಹೇಳಿದ್ದರ ಅರ್ಥ ಇಷ್ಟು: ಹೊರಗಿನವರೆದುರು ನಿಮ್ಮನ್ನು ಸುಳ್ಳುಗಾರ ಮಾಡಬೇಕಿತ್ತೇನು? ದಾರ ಮೊದಲ ಸಲಕ್ಕೇ ಸೂಜಿಯ ಕಣ್ಣು ದಾಟಿತು. ಅದನ್ನು ಅವನು ನೋಡಿದ. ಅವನು ನೋಡಿದ್ದನ್ನು ಅವಳೂ ನೋಡಿದಳು.

ನಾಚಿಕೆ ಮನುಷ್ಯನನ್ನು ನೇರ ದಾರಿಗೆ ತಳ್ಳುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಮೊದಲು ಅದು ಹಿತ್ತಲ ದಾರಿಯನ್ನೇ ಹುಡುಕುತ್ತದೆ. ಮರು ಭಾನುವಾರ ಯಾಕೂಬಸಾಬ ಯಾರಿಗೂ ಹೇಳದೆ ದೇವಾಪುರದ ಬಸ್ಸು ಹತ್ತಿದ. ಗೋಡೆ ಸರಿಯಾದರೆ ಮಾತೂ ಸರಿಯಾದೀತು ಎಂಬ ಆಸೆ. ಶಾಲೆಯ ಜವಾನ ಹುಲಗಪ್ಪ ಗೇಟು ತೆಗೆದ. ಪ್ರಿಂಟನ್ನು ಎದುರಿಗೆ ಅಂಟಿಸಿಕೊಂಡು, ಹಳೆಯ ಉಂಗುರಕ್ಕೆ ಕಪ್ಪು ಬಳಿದು, ಮಡಿಕೆಯಿಲ್ಲದೆ, ಬರಿಗೈಯಲ್ಲಿ ಉಂಗುರ ಬರೆಯತೊಡಗಿದ. ಕೈ ತಾನಾಗಿ ದುಂಡಗೆ ಓಡುತ್ತಿತ್ತು. ಮೂರು ಸಲ ಅಳಿಸಿದ. ನಾಲ್ಕನೆಯ ಸಲಕ್ಕೆ ಉಂಗುರ ಒಂದು ಕಡೆ ಉಬ್ಬಿತು, ಇನ್ನೊಂದು ಕಡೆ ಹರಿಯಿತು. ಇದ್ದಂಗ ಬರೀರಿ ಎಂದಿದ್ದರಲ್ಲ ಮೇಡಂ, ಅಷ್ಟೇ ಕೆಲಸ, ಅದನ್ನು ಮಾಡಲು ಇಷ್ಟು ವಯಸ್ಸು ಬೇಕಾಯಿತು. ಕೊನೆಗೆ ತೆಳ್ಳಗಿನ ಬ್ರಷ್ಷಿನಿಂದ ಸಣ್ಣ ಚುಕ್ಕಿ ಇಟ್ಟ.

ಹುಲಗಪ್ಪ ಫೋನಿನಲ್ಲಿ ಫೋಟೋ ತೆಗೆದು ಮೇಡಂಗೆ ಕಳಿಸಿಬಿಟ್ಟಿದ್ದ. ಯಾಕೂಬಸಾಬ ಬಸ್ಸಿಗೆ ಕಾಯುತ್ತಿದ್ದಾಗಲೇ ದುರ್ಗಾ ಮೇಡಂ ಫೋನು ಬಂತು.

“ದೊಡ್ಡ ಮನಸ್ಸರಿ ಸಾಬ್ರ ನಿಮ್ದು. ಮನಿಯಾಕಿ ಮಾಡಿದ ತಪ್ಪಿಗಿ ನೀವು ರಜಾದಾಗ ಬಂದು ದುಡದೀರಿ.”

“ಇರ್ಲಿ ಬಿಡ್ರಿ ಮೇಡಂ,” ಎಂದ ಅವನು.

ಫೋನು ಕಿಸೆಗೆ ಹಾಕಿದ ಮೇಲೆ ಅವನಿಗೆ ತನ್ನ ಮಾತೇ ಕೇಳಿಸಿತು. ಇರ್ಲಿ ಬಿಡ್ರಿ. ಹಬೀಬಾಳನ್ನು ಅವನು ಕ್ಷಮಿಸಿದ್ದ. ಮಾಡದ ತಪ್ಪು ಹೊತ್ತವಳನ್ನು, ಹೊರಿಸಿದವನು ಉದಾರವಾಗಿ ಕ್ಷಮಿಸಿ, ಭೇಷ್ ಅನ್ನಿಸಿಕೊಂಡಿದ್ದ. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದವನ ಮೈಯೆಲ್ಲ ಬಿಸಿಯಾಯಿತು. ಇಷ್ಟು ಹೇಸಿಗೆ ಅವನಿಗೆ ತನ್ನ ಮೇಲೆ ಯಾವತ್ತೂ ಆಗಿರಲಿಲ್ಲ. ಒಂದು ಬಸ್ಸು ಬಂದು ಹೋಯಿತು, ಅವನು ಏಳಲಿಲ್ಲ.

ಸೋಮವಾರ ಬೆಳಗಿನ ಪ್ರಾರ್ಥನೆಗೆ ಮಕ್ಕಳು ಸಾಲು ನಿಂತಾಗ ಯಾಕೂಬಸಾಬ ಖಾಕಾದ ಸುರುಳಿ ಹಿಡಿದು ಗೇಟಿನೊಳಗೆ ಬಂದ. ಎರಡು ನಿಮಿಷ ಮಾತಾಡಬೇಕು ಎಂದು ಹೆಡ್‌ಮಾಸ್ಟರನ್ನು ಕೇಳಿದ. ಚಿತ್ರದ ಬಗ್ಗೆ ಏನೋ ಇರಬೇಕೆಂದು ಅವರು ಒಪ್ಪಿದರು. ಅವನು ದೇವಿಕಾಳನ್ನು ಮುಂದೆ ಕರೆದ. ಆ ದಿನದ ನಗು ಅವಳಿಗೆ ಮರೆತಿರಲಿಲ್ಲ, ತಲೆ ತಗ್ಗಿಸಿಕೊಂಡೇ ಬಂದಳು. ಅವನು ಸುರುಳಿ ಬಿಚ್ಚಿ, ಎದುರಿಗಿದ್ದ ಎಳೆಬಿಸಿಲಿಗೆ ಅಡ್ಡ ಹಿಡಿದ. ಇದ್ದಿಲು ಮೆತ್ತಿ ಕಪ್ಪಾಗಿದ್ದ ಕಾಗದದಲ್ಲಿ ಹಬೀಬಾಳ ತೂತುಗಳೆಲ್ಲ ಒಮ್ಮೆಲೇ ಹೊಳೆದವು. ನಡುವೆ ಎಷ್ಟಿವೆ ಎಣಿಸವ್ವ ಎಂದ.

“ಎರಡ್ರಿ,” ಎಂದಳು ದೇವಿಕಾ. ಬೆರಳಿಟ್ಟು ತೋರಿಸಿದಳು. “ಇದು ದೊಡ್ಡದು. ಇದು ಸಣ್ಣದು.”

“ಹೂಂ. ನೀ ಹೇಳಿದ್ದು ಖರೆ ಇತ್ತು. ನಿಮ್ಮ ಮೇಡಂ ಹೇಳಿದ್ದೂ ಖರೆ,” ಎಂದ ಯಾಕೂಬಸಾಬ. ಅವನ ಕಣ್ಣು ಕಾಗದದ ಮೇಲೇ ಇತ್ತು. “ಚುಚ್ಚಿದಾಕಿ ಬಿಟ್ಟಿಲ್ಲ. ಎರಡವ ಅಂತ ಮೊದಲೇ ಹೇಳಿದ್ಲು, ನಾ ಬೈದೆ. ಗ್ವಾಡಿ ಮ್ಯಾಲ ಬಂದಿತ್ತು, ನಾನೇ ವರಸಿದೆ. ವರಸಿ, ಆಕಿ ಮ್ಯಾಲ ಹಾಕಿದೆ. ಆಕಿ ಕಣ್ಣು ನನ್ನವಕ್ಕಿಂತ ಛಲೋ ಅವ.”

ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರವಾಗುತ್ತಿತ್ತೇನೋ. ವಿಶ್ವಾರಾಧ್ಯ ಸರ್ ಮಕ್ಕಳನ್ನು ತರಗತಿಗೆ ಕಳಿಸಿದರು. ದುರ್ಗಾ ಮೇಡಂ ಅವನ ಹತ್ತಿರ ಬಂದು, ನಾನು ಆ ಚೀಟಿ ಹಿಡಿದುಕೊಂಡು ನಿಮ್ಮ ಮನೆಗೆ ಬಂದಿದ್ದೆನಲ್ಲ ಎಂದಷ್ಟು ಹೇಳಿ ಒಳಗೆ ಹೋದರು. ಅವನು ಖಾಕಾ ಸುತ್ತಿಕೊಂಡು ಗೇಟು ದಾಟಿದ.

ಮಧ್ಯಾಹ್ನ ಮನೆ ಮುಟ್ಟಿದಾಗ ಹಬೀಬಾ ತಾಟಿಗೆ ರೊಟ್ಟಿ, ಪುಂಡಿಪಲ್ಯ ಹಾಕಿದಳು. ಅವನು ಕೂತು ನಡೆದದ್ದನ್ನೆಲ್ಲ ಹೇಳಿದ. ಹೆಡ್‌ಮಾಸ್ಟರ್ ಮುಂದೆ, ಮೇಡಂ ಮುಂದೆ, ನೂರೈವತ್ತು ಮಕ್ಕಳ ಮುಂದೆ ಹೇಳಿಬಿಟ್ಟೆ ಎಂದ. ಭಾರ ಇಳಿಯಿತು ಎಂದು ರೊಟ್ಟಿ ಮುರಿದ. ಹಬೀಬಾ ನೀರಿನ ಚೊಂಬು ಅವನ ಮುಂದಿಟ್ಟು ಮೆಲ್ಲಗೆ ಕೇಳಿದಳು.

“ಚಮನಬೀಗೆ?”

ಅವನ ಕೈಯ ತುತ್ತು ಅಲ್ಲೇ ನಿಂತಿತು. ದೇವಾಪುರದ ಮಕ್ಕಳಲ್ಲಿ ಒಬ್ಬರೂ ರವಿಕೆಗೆ ಖಾಕಾ ಹಾಕಿಸಲು ರಂಗಂಪೇಟೆಗೆ ಬರುವವರಲ್ಲ. ಅವಳ ಹೆಸರು ಕೆಟ್ಟದ್ದು ಈ ಓಣಿಯಲ್ಲಿ. ಅವನು ದಿನಾ ತಲೆ ಎತ್ತಿ ನಡೆಯುವುದೂ ಇದೇ ಓಣಿಯಲ್ಲಿ. ಅದಕ್ಕೇ ಅವನು ಬಸ್ಸು ಹತ್ತಿ ಅಷ್ಟು ದೂರ ಹೋಗಿ ಹೇಳಿ ಬಂದಿದ್ದ. ಅದು ಅವನಿಗೆ ಈಗ ತಿಳಿಯಿತು. ಅವಳಿಗೆ ಮೊದಲೇ ತಿಳಿದಿತ್ತು.

ಗೋಡೆಯಾಚೆ ಚಮನಬೀಯ ಮನೆಯಲ್ಲಿ ಮೆಹನಾಜಳ ಮದುವೆಗೆ ಬಟ್ಟೆ ನೋಡಲು ಹೆಂಗಸರು ಸೇರಿದ್ದರು, ಮಾತು ಕೇಳಿಸುತ್ತಿತ್ತು. ಸಂಜೆ ಹೋದರಾಗದೇ ಎಂದು ಕೇಳಲು ಅವನು ಬಾಯಿ ತೆರೆದ. ಹಬೀಬಾ ಇನ್ನೊಂದು ತಾಟು ತಂದು ಅವನ ಊಟದ ಮೇಲೆ ಮುಚ್ಚಿದಳು.

ಯಾಕೂಬಸಾಬ ಕೈ ತೊಳೆದುಕೊಂಡು ಎದ್ದ. ಚಮನಬೀಯ ಮನೆ ಹನ್ನೆರಡು ಹೆಜ್ಜೆ. ಹೊಸ್ತಿಲಾಚೆ ಏಳೆಂಟು ಹೆಂಗಸರು ಬಟ್ಟೆ ಹರಡಿಕೊಂಡು ಕೂತಿದ್ದರು. ಅವನನ್ನು ಕಂಡು ಸೆರಗು ಸರಿಮಾಡಿಕೊಂಡು ಸುಮ್ಮನಾದರು. ಏನು ಬೇಕಿತ್ತು ಭಾಯ್ ಎಂದು ಚಮನಬೀ ಕೇಳಿದಳು. ಅವನು ಚಪ್ಪಲಿ ಬಿಟ್ಟು, ಹೊಸ್ತಿಲ ಹೊರಗೇ ನಿಂತು, ನೆಲ ನೋಡುತ್ತಾ, ಹಬೀಬಾಳ ಕಣ್ಣಿಗೆ ಏನೂ ಆಗಿಲ್ಲ ಎಂಬಲ್ಲಿಂದ ಶುರು ಮಾಡಿದ.